ಬಸಳೆ, ಹರಿವೆ ಬಿಡಬೇಡಿ, ಬೇಯಿಸುವ ಕ್ರಮ ನೋಡಿ

ಸೊಪ್ಪು-ತರಕಾರಿಯಲ್ಲಿ ಆಕ್ಸಲೇಟ್ ಎಂಬ ವಿಷ ಇದೆಯಂತೆ, ಬಸಳೆ, ಹರಿವೆ, ಪತ್ರೊಡೆ ಬಿಟ್ಟು ಬರೀ ಮೀನು, ಕುಚ್ಚಲಕ್ಕಿ ಅನ್ನ ಸಾಕೇ ಎಂದು ಕೇಳಿದ್ದೀರಿ. ಸಾಲದು. ಬೂತಾಯಿ ಮೀನಿನಲ್ಲಿ ಪ್ರೋಟೀನ್, ಒಮೇಗಾ-3 ಎಂಬ ಒಳ್ಳೆಯ ಕೊಬ್ಬು ಧಾರಾಳ ಇದೆ, ನಾರು ಮಾತ್ರ ಸೊನ್ನೆ. ವಿಟಮಿನ್ ಸಿ ಅಂತೂ ಮೀನು, ಅನ್ನ ಎರಡರಲ್ಲೂ ಇಲ್ಲವೆನ್ನುವಷ್ಟು ಕಮ್ಮಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಹಣ್ಣು-ತರಕಾರಿ ಸೇರಿ 400 ಗ್ರಾಂ.

ಆಕ್ಸಲೇಟ್, ಅಂದರೆ ಸೊಪ್ಪಿನಲ್ಲಿ ಸಹಜವಾಗಿರುವ ಒಂದು ಆಮ್ಲದ ಅಂಶ, ಇರುವುದು ಸುಳ್ಳಲ್ಲ. ಆದರೆ ಅದರಲ್ಲೊಂದು ಪಾಲು ನೀರಿಗೆ ಬಿಡುತ್ತದೆ. ಹರಿವೆಯನ್ನು ಹೆಚ್ಚಿ, ಧಾರಾಳ ಕುದಿನೀರಲ್ಲಿ ಐದಾರು ನಿಮಿಷ ಬೇಯಿಸಿ, ಆ ಕೆಂಪು ನೀರು ಚೆಲ್ಲಿ, ಆಮೇಲೆ ಕಾಯಿ ಹಾಕಿ. (ವಿಟಮಿನ್ ಸಿ ಕೂಡ ಸ್ವಲ್ಪ ಹೋಗುತ್ತದೆ, ಇರಲಿ.) ಹಬೆಯಲ್ಲಿ ಬೇಯಿಸಿದರೆ ಆಕ್ಸಲೇಟ್ ಅಷ್ಟು ಇಳಿಯದು. ಅದೇ ಊಟದಲ್ಲಿ ಒಂದು ಲೋಟ ಮಜ್ಜಿಗೆ ಬೇಕು. ಅದರ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ಎರಡು ಗಂಟೆ ಬಿಟ್ಟು ಕುಡಿದರೆ ಪ್ರಯೋಜನ ಕಮ್ಮಿ.

ಪತ್ರೊಡೆ ಮಾಡುವ ಕೆಸುವಿನ ಎಲೆಯದ್ದು ಬೇರೆಯೇ ಕಥೆ. ಗಂಟಲು ತುರಿಸುವುದು ಎಲೆಯೊಳಗಿನ ಸೂಜಿಯಂಥ ಹರಳುಗಳಿಂದ. ದಪ್ಪ ನಾರು ತೆಗೆದು, ಎಲೆಗೆ ಹಚ್ಚುವ ಹಿಟ್ಟಿಗೆ ಹುಣಸೆ ಹುಳಿ ಜಿಪುಣತನವಿಲ್ಲದೆ ಹಾಕಿ, ಮುಕ್ಕಾಲು ಗಂಟೆಯಾದರೂ ಬೇಯಿಸಿ. ಆಮೇಲೂ ತುರಿಸಿತೆಂದರೆ ಬೆಂದದ್ದು ಸಾಲದು.

ಆಕ್ಸಲೇಟ್ ಜಾತಿಯ ಕಿಡ್ನಿ ಕಲ್ಲು ಒಮ್ಮೆ ಆದವರು ಮಾತ್ರ ಈ ಸೊಪ್ಪುಗಳನ್ನು ಕಮ್ಮಿ ಮಾಡಿ ಸೌತೆ, ಸೋರೆಗೆ ತಿರುಗಿ, ನೀರು ಹೆಚ್ಚು ಕುಡಿಯಿರಿ.