ಮೆದುಳಿನ ಸ್ಕ್ಯಾನಿಗೆ ಹೊಟ್ಟೆಗೇಕೆ ಬೆಲ್ಟ್?

ಪ್ರಶ್ನೆ: ಒಂದು ಸಂಶೋಧನೆಗಾಗಿ ಎಫ್‌ಎಂಆರ್‌ಐ (ಮೆದುಳು ಕೆಲಸ ಮಾಡುವುದನ್ನು ತೋರಿಸುವ ಎಂಆರ್‌ಐ) ಸ್ಕ್ಯಾನ್ ಮಾಡಿಸಿಕೊಂಡೆ. ನೋಡಬೇಕಿದ್ದದ್ದು ಮೆದುಳು. ಆದರೆ ಹೊಟ್ಟೆಗೆ ಬೆಲ್ಟ್ ಕಟ್ಟಿದರು, ಬೆರಳಿಗೆ ಕ್ಲಿಪ್ ಹಾಕಿದರು. ನನ್ನ ಹೃದಯದ ಬಗ್ಗೆ ಅನುಮಾನ ಬಂದಿತ್ತಾ? ಚಿತ್ರ ಕೆಡಬಾರದು ಅಂತ ಆಗಾಗ ಉಸಿರು ಬಿಗಿಹಿಡಿದೆ. ಅದು ಸರಿಯೇ?

ಉತ್ತರ: ಗಾಬರಿ ಬೇಡ. ಇಂಥ ಪ್ರಯೋಗಗಳಲ್ಲಿ ಪೂರ್ತಿ ಆರೋಗ್ಯವಾಗಿರುವವರಿಗೂ ಅವೆರಡನ್ನು ಹಾಕುತ್ತಾರೆ. ಬೆಲ್ಟ್ ಉಸಿರನ್ನು ದಾಖಲಿಸುತ್ತದೆ, ಕ್ಲಿಪ್ ನಾಡಿಯನ್ನು. ಇಂಥ ಸ್ಕ್ಯಾನ್‌ಗಳ ಲೆಕ್ಕ ನೋಡುವುದೇ ನನ್ನ ಕೆಲಸ. ಬೆಲ್ಟ್ ಇಲ್ಲದೆ ಬಂದ ಸ್ಕ್ಯಾನ್ ಎಂದರೆ ನನಗೆ ಅರ್ಧ ನಂಬಿಕೆ ಅಷ್ಟೆ.

ಎಫ್‌ಎಂಆರ್‌ಐ ಅಳೆಯುವುದು ರಕ್ತದಲ್ಲಾಗುವ ಬದಲಾವಣೆಯನ್ನು. ನರಕೋಶಗಳು ಚುರುಕಾದ ಕಡೆಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತದೆ, ಚಿತ್ರದಲ್ಲಿ ಆ ಜಾಗ ಸ್ವಲ್ಪ ಬೆಳಗುತ್ತದೆ. 1990ರಲ್ಲಿ ಸೀಜಿ ಒಗಾವಾ ಮತ್ತು ಸಂಗಡಿಗರು ಇಲಿಗಳ ಮೆದುಳಿನಲ್ಲಿ ತೋರಿಸಿದ್ದು ಈ ರಕ್ತದ ಗುರುತನ್ನೇ. ಆದರೆ ಹೊಳಪು ಏರುವುದು ಶೇಕಡಾ 1ರ ಆಸುಪಾಸಿನಲ್ಲಿ. ಅಷ್ಟು ಸಣ್ಣದನ್ನು ಮುಚ್ಚಿಹಾಕಲು ಉಸಿರು, ನಾಡಿ ಧಾರಾಳ ಸಾಕು.

ನಾಡಿಯ ಕಾಟ ನೋಡಿ. ಪ್ರತಿ ಬಡಿತಕ್ಕೂ ಮೆದುಳು ಒಂದಿಷ್ಟು ಮಿಸುಕುತ್ತದೆ, ಮೆದುಳುಕಾಂಡದ ಹತ್ತಿರ ಇನ್ನೂ ಜಾಸ್ತಿ. ಹೃದಯ ನಿಮಿಷಕ್ಕೆ 63 ಸಲ ಬಡಿಯುತ್ತಿದೆ, ಯಂತ್ರ 2 ಸೆಕೆಂಡಿಗೊಂದು ಚಿತ್ರ ತೆಗೆಯುತ್ತಿದೆ ಅಂದುಕೊಳ್ಳಿ. ಎರಡು ಚಿತ್ರಗಳ ನಡುವೆ 2.1 ಬಡಿತ. ಅಂದರೆ ಪ್ರತಿ ಚಿತ್ರವೂ ಬಡಿತವನ್ನು ಒಂದು ಚೂರು ಮುಂದೆ ಹಿಡಿಯುತ್ತದೆ. ಹತ್ತು ಚಿತ್ರ ಸೇರಿದಾಗ, 20 ಸೆಕೆಂಡಿಗೊಮ್ಮೆ ನಿಧಾನವಾಗಿ ಏರಿಳಿಯುವ ಅಲೆಯೊಂದು ಕಾಣುತ್ತದೆ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಹಾಗೆಯೇ. ಮೆದುಳಿನ ನಿಜವಾದ ಏರಿಳಿತವೂ ಸುಮಾರು ಅದೇ ವೇಗದ್ದು. ಬರೀ ಚಿತ್ರ ನೋಡಿ ಬೇರೆ ಮಾಡುವುದು ಕಷ್ಟ, ಅಲ್ವಾ? ಕ್ಲಿಪ್ ಇದ್ದರೆ ಯಾವ ಚಿತ್ರ ಬಡಿತದ ಯಾವ ಹಂತದಲ್ಲಿ ಸಿಕ್ಕಿತು ಅಂತ ಗೊತ್ತಾಗುತ್ತದೆ. ಆ ಪಾಲನ್ನು ಲೆಕ್ಕ ಹಾಕಿ ಕಳೆಯುವ ವಿಧಾನವೊಂದನ್ನು ಗ್ಯಾರಿ ಗ್ಲೋವರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಇವತ್ತಿಗೂ ಅದು ಬಳಕೆಯಲ್ಲಿದೆ.

ಉಸಿರು ಎರಡು ಬಗೆಯಲ್ಲಿ ಕಾಡುತ್ತದೆ. ಎದೆ ಉಬ್ಬಿದಾಗ ತಲೆಯ ಸುತ್ತಲಿನ ಕಾಂತಕ್ಷೇತ್ರ ಕೊಂಚ ಬದಲಾಗುತ್ತದೆ. ತಲೆ ಕದಲದಿದ್ದರೂ ಚಿತ್ರ ಜರುಗುತ್ತದೆ. ಇದನ್ನು ಸರಿಪಡಿಸಬಹುದು. ಇನ್ನೊಂದು ಹಟಮಾರಿ: ಉಸಿರಿನ ಆಳ, ವೇಗ ಬದಲಾದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಬದಲಾಗುತ್ತದೆ, ಅದು ಮೆದುಳಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ ಇಲ್ಲವೇ ಕುಗ್ಗಿಸುತ್ತದೆ. ಕಷ್ಟದ ಲೆಕ್ಕ ಕೊಟ್ಟಾಗ ಅನೇಕರು ತಿಳಿಯದೆಯೇ ಉಸಿರು ತಡೆಯುತ್ತಾರೆ. ಆಗ ಬೆಳಗಿದ್ದು ಯೋಚನೆಯಿಂದಲೋ, ಉಸಿರಿನಿಂದಲೋ? ಎರಡೂ ಒಟ್ಟೊಟ್ಟಿಗೇ ಏರಿಳಿದಿದ್ದರೆ ಉಸಿರನ್ನು ಕಳೆಯುವಾಗ ಯೋಚನೆಯ ಗುರುತೂ ಜೊತೆಗೇ ಹೋಗುತ್ತದೆ. ಸಾಫ್ಟ್‌ವೇರ್ ಎಲ್ಲವನ್ನೂ ತೊಳೆದುಕೊಡುತ್ತದೆ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಇನ್ನು ನೀವು ಉಸಿರು ಬಿಗಿಹಿಡಿದದ್ದು. ಒಳ್ಳೆ ಮನಸ್ಸಿನಿಂದಲೇ ಮಾಡಿದ್ದೀರಿ, ಆದರೆ ಫಲ ಉಲ್ಟಾ. ಹತ್ತಿಪ್ಪತ್ತು ಸೆಕೆಂಡು ಉಸಿರು ತಡೆದರೆ ಮೆದುಳಿನ ಬೂದುಭಾಗವೆಲ್ಲ (ನರಕೋಶಗಳು ಕಿಕ್ಕಿರಿದಿರುವ ಭಾಗ) ಒಟ್ಟಿಗೆ ಬೆಳಗುತ್ತದೆ, ಅದೂ ಯೋಚನೆಯಿಂದಾಗುವುದಕ್ಕಿಂತ ಹೆಚ್ಚಾಗಿ. ರಕ್ತನಾಳಗಳು ಎಷ್ಟು ಚೆನ್ನಾಗಿ ಹಿಗ್ಗುತ್ತವೆ ಅಂತ ಪರೀಕ್ಷಿಸಲು ಸಂಶೋಧಕರೇ ಬೇಕೆಂದು ಹೀಗೆ ಮಾಡಿಸುವುದುಂಟು. ಬೆಲ್ಟ್ ಇದ್ದುದರಿಂದ ನೀವು ತಡೆದ ಕಡೆಯೆಲ್ಲ ಗೆರೆ ಚಪ್ಪಟೆಯಾಗಿ ಬಿದ್ದಿರುತ್ತದೆ, ಅವರಿಗೆ ತಿಳಿಯುತ್ತದೆ. ಆದರೂ ಒಂದು ಮಾತು ಹೇಳಿಬಿಡಿ. ಮುಂದಿನ ಸಲ ಸುಮ್ನೆ ಎಂದಿನಂತೆ ಉಸಿರಾಡಿ. ಬೆಲ್ಟ್ ಸಡಿಲವಾಯಿತು ಅನ್ನಿಸಿದರೆ ಮಾತ್ರ ಕೈಯಲ್ಲಿರುವ ಗುಂಡಿ ಒತ್ತಿ ಕರೆಯಿರಿ.