ಹೊಗೆಗೂಡಿನ ಅನಿಲದಿಂದ ಇಂಧನ

ಪ್ರಶ್ನೆ: ಹಿಡಿದಿಟ್ಟ ಇಂಗಾಲದ ಡೈಆಕ್ಸೈಡಿನಿಂದ ಮೆಥನಾಲ್ ತಯಾರಿಸಿ ವಾಹನಗಳಿಗೆ ಬಳಸಬಹುದಂತೆ. ಉರಿದಾಗ ಅದೇ ಅನಿಲ ಮತ್ತೆ ಗಾಳಿ ಸೇರುತ್ತದಲ್ಲ, ಲಾಭವೇನು?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸೇರುತ್ತದೆ, ನಿಮ್ಮ ಮಾತು ನಿಜ. ಒಂದು ಕಿಲೋ ಮೆಥನಾಲ್ ಉರಿದರೆ ಸುಮಾರು 1.37 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ತಯಾರಿಸುವಾಗ ಒಳಗೆ ಹೋದದ್ದೂ ಅಷ್ಟೇ. ಅಷ್ಟರಮಟ್ಟಿಗೆ ನೆಲದಡಿಯ ತೈಲವನ್ನು ಹೊಸದಾಗಿ ಎತ್ತಿ ಸುಡುವುದು ತಪ್ಪುತ್ತದೆ ಎಂಬುದೇ ಲಾಭ.

ಐಸ್‌ಲ್ಯಾಂಡಿನ ಸ್ವಾರ್ಟ್ಸೆಂಗಿಯನ್ನು ನೋಡಿ. ಅಲ್ಲಿನ ಭೂಶಾಖ ವಿದ್ಯುತ್ ಸ್ಥಾವರದಲ್ಲಿ ಹಬೆಯ ಜೊತೆಗೇ ಈ ಅನಿಲವೂ ಮೇಲೆ ಬರುತ್ತದೆ. ಅದನ್ನು ಬಳಸಿಕೊಳ್ಳಲು ಕಾರ್ಬನ್ ರೀಸೈಕ್ಲಿಂಗ್ ಇಂಟರ್‌ನ್ಯಾಷನಲ್ ಕಂಪನಿ 2012ರಲ್ಲಿ ಪಕ್ಕದಲ್ಲೇ ಘಟಕ ತೆರೆಯಿತು. 2015ರಲ್ಲಿ ಸಾಮರ್ಥ್ಯ ವರ್ಷಕ್ಕೆ 4,000 ಟನ್‌ಗೆ ಏರಿತು. ಮೆಥನಾಲ್ ಆಧಾರಿತ ಅರ್ಥವ್ಯವಸ್ಥೆಯನ್ನು ಪ್ರತಿಪಾದಿಸಿದ, 1994ರ ನೊಬೆಲ್ ಪುರಸ್ಕೃತ ಜಾರ್ಜ್ ಓಲಾ ಅವರ ಹೆಸರನ್ನೇ ಅದಕ್ಕಿಟ್ಟರು. ವಿದ್ಯುತ್ ಹರಿಸಿ ನೀರನ್ನು ಒಡೆದು ಜಲಜನಕ ಪಡೆಯುವುದು, ಅದನ್ನು ಹೆಚ್ಚಿನ ಒತ್ತಡದಲ್ಲಿ, ವೇಗವರ್ಧಕದ ಮೇಲೆ, ಇಂಗಾಲದ ಡೈಆಕ್ಸೈಡಿನೊಂದಿಗೆ ಕೂಡಿಸುವುದು. ವಿಧಾನ ಇಷ್ಟೇ.

ಖರ್ಚೆಲ್ಲ ಇರುವುದು ಆ ಜಲಜನಕದಲ್ಲಿ. ಒಂದು ಕಿಲೋ ಮೆಥನಾಲ್‌ಗೆ ಹತ್ತಿರಹತ್ತಿರ 190 ಗ್ರಾಂ ಜಲಜನಕ ಬೇಕು. ಅದಕ್ಕೆ ಸುಮಾರು 10 ಯೂನಿಟ್ ವಿದ್ಯುತ್. ಆ ವಿದ್ಯುತ್ತು ಕಲ್ಲಿದ್ದಲಿನದಾದರೆ 1.37 ಕಿಲೋ ಹಿಡಿಯಲು ಹೋಗಿ ಅದರ ಆರೇಳು ಪಟ್ಟು ಹೊರಬಿಟ್ಟಂತಾಗುತ್ತದೆ. ಆದ್ದರಿಂದ ಯಾರಾದರೂ ‘ಹಸಿರು ಮೆಥನಾಲ್’ ಎಂದಾಗ ನಾನು ಮೊದಲು ಕೇಳುವುದು, ಕರೆಂಟು ಎಲ್ಲಿಯದು ಎಂದೇ.

ಇನ್ನೊಂದು ಮಾತು. ಹತ್ತು ಯೂನಿಟ್ ಸುರಿದು ಪಡೆದ ಆ ಒಂದು ಕಿಲೋ ಉರಿದಾಗ ಸಿಗುವ ಶಾಖ ಐದೂವರೆ ಯೂನಿಟ್‌ನಷ್ಟು. ಎಂಜಿನ್ನಿನಲ್ಲಿ ಅದರಲ್ಲೂ ಬಹುಪಾಲು ವ್ಯರ್ಥ. ಸ್ಕೂಟರಿಗೆ, ಕಾರಿಗೆ ಇದನ್ನು ಸುಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಅಲ್ಲಿ ಬ್ಯಾಟರಿಯೇ ಸಾಕು. ಸಾಗರ ದಾಟುವ ಹಡಗಿನ ಕಥೆ ಬೇರೆ. ಅದಕ್ಕೆ ಸಾಕಾಗುವಷ್ಟು ಬ್ಯಾಟರಿ ಹೇರಲಾಗದು. ಜಲಜನಕವನ್ನು ದ್ರವವಾಗಿಡಲು ಮೈನಸ್ 253 ಡಿಗ್ರಿ ಬೇಕು. ಮೆಥನಾಲ್ ಸಾಮಾನ್ಯ ಉಷ್ಣತೆಯಲ್ಲೇ ದ್ರವವಾಗಿ ತೊಟ್ಟಿಯಲ್ಲಿರುತ್ತದೆ. 2023ರಲ್ಲಿ ನೀರಿಗಿಳಿದ ‘ಲಾರಾ ಮಾರ್ಸ್ಕ್’ ಕಂಟೈನರ್ ಹಡಗಿನ ಎಂಜಿನ್ ಇದರಲ್ಲೂ ಓಡುತ್ತದೆ.

ಪ್ರಶ್ನೆ: ಮೆಥನಾಲ್ ಪೆಟ್ರೋಲಿಗಿಂತ ಸುರಕ್ಷಿತವೇ?
– ಓದುಗರೊಬ್ಬರು, ಹೊಸಪೇಟೆ

ಉತ್ತರ: ಬೇರೆ ರೀತಿಯ ಎಚ್ಚರ ಬೇಕು. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ಬೆಂಕಿಯೂ ಮೋಸ ಮಾಡುತ್ತದೆ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಒಮ್ಮೆ ಮಧ್ಯಾಹ್ನದ ಬಿಸಿಲಿನಲ್ಲಿ, ಪಿಂಗಾಣಿ ಬಟ್ಟಲಿನಲ್ಲಿ ಎರಡು ಚಮಚ ಮೆಥನಾಲ್‌ಗೆ ಕಡ್ಡಿ ಗೀರಿದೆ. ಏನೂ ಕಾಣಲಿಲ್ಲ. ಹೊತ್ತಿಕೊಂಡಿಲ್ಲವೆಂದು ಹುಡುಗನೊಬ್ಬ ಕೈ ಚಾಚಿದ; ಮುಂಗೈ ಹಿಡಿದು ಎಳೆದೆ. ಇಕ್ಕಳದಲ್ಲಿ ಕಾಗದದ ಚೂರೊಂದನ್ನು ಬಟ್ಟಲಿನ ಮೇಲೆ ಹಿಡಿದಾಗ ಅದರ ಅಂಚು ಕಂದಾಗಿ, ಸುರುಟಿಕೊಂಡು, ಧಗ್ಗನೆ ಹೊತ್ತಿತು.