ಓದುಗರ ಪ್ರಶ್ನೆ: ಮಾಸ್ಟೊಡಾನ್‌ನಲ್ಲಿ ದಾರಿ ಯಾವುದು?

ಪ್ರಶ್ನೆ: ಮಾಸ್ಟೊಡಾನ್ ಸೇರಲು ಹೋದರೆ ಮೊದಲು ‘ಸರ್ವರ್ ಆರಿಸಿ’ ಅನ್ನುತ್ತದೆ. ಗೆಳತಿ ಇರುವ ಸರ್ವರ್‌ಗೇ ನಾನೂ ಸೇರಬೇಕೆ?
– ವಿದ್ಯಾರ್ಥಿನಿ, ಟಿಳಕವಾಡಿ, ಬೆಳಗಾವಿ

ಬೇಕಿಲ್ಲ. ಮಾಸ್ಟೊಡಾನ್ ಎಕ್ಸ್‌ನಂಥ ಸಾಮಾಜಿಕ ಜಾಲತಾಣ. ಆದರೆ ಅದು ಒಂದೇ ಕಂಪನಿಯದಲ್ಲ, ಬೇರೆ ಬೇರೆಯವರು ನಡೆಸುವ, ಒಂದಕ್ಕೊಂದು ಮಾತಾಡುವ ಸರ್ವರ್‌ಗಳ ಜಾಲ. ಜಿಮೇಲ್‌ನಿಂದ ಯಾಹೂಗೆ ಮೇಲ್ ಹೋಗುವುದಿಲ್ಲವೇ, ಇಲ್ಲೂ ಹಾಗೆಯೇ. ಗೆಳತಿಯ ಪೂರ್ತಿ ವಿಳಾಸವನ್ನು (@ಹೆಸರು@ಸರ್ವರ್) ಸರ್ಚ್‌ನಲ್ಲಿ ಹಾಕಿ ಫಾಲೋ ಮಾಡಿ. ಬರೀ ಹೆಸರು ಹಾಕಿದರೆ ಸಿಗದೆ ಹೋಗಬಹುದು. ಆಕೆಯ ಹಳೆಯ ಪೋಸ್ಟ್‌ಗಳು ಕಾಣದಿದ್ದರೆ ಗಾಬರಿ ಬೇಡ. ನಿಮ್ಮ ಸರ್ವರ್‌ನಲ್ಲಿ ಆಕೆಯನ್ನು ಮೊದಲು ಫಾಲೋ ಮಾಡಿದವರು ನೀವೇ ಆದರೆ, ಸಾಮಾನ್ಯವಾಗಿ ಅಲ್ಲಿಂದ ಮುಂದಿನವಷ್ಟೇ ಬರುತ್ತವೆ.

ಸರ್ವರ್ ಆರಿಸುವಾಗ ಅದರ ನಿಯಮಗಳ ಪುಟ ಓದಿ. ಮಾಸ್ಟೊಡಾನ್‌ನ ಅಧಿಕೃತ ಪಟ್ಟಿಯಲ್ಲಿರುವ ಸರ್ವರ್‌ಗಳು, ಮುಚ್ಚುವುದಾದರೆ 3 ತಿಂಗಳು ಮೊದಲೇ ತಿಳಿಸುತ್ತೇವೆಂದು ಒಪ್ಪಿಕೊಂಡಿರುತ್ತವೆ. ಹೊಸಬರು ಅಲ್ಲಿಂದಲೇ ಆರಿಸಿಕೊಳ್ಳುವುದು ಒಳ್ಳೆಯದು. ಯೂಸರ್‌ನೇಮ್ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಆಮೇಲೆ ಬದಲಿಸಲಾಗದು. ತೋರಿಸುವ ಹೆಸರನ್ನು ಕನ್ನಡದಲ್ಲೇ ಬರೆಯಿರಿ.

ಪ್ರಶ್ನೆ: ಸೀರೆ ಫೋಟೊ ಹಾಕಿ ಹ್ಯಾಶ್‌ಟ್ಯಾಗ್ ಕೊಟ್ಟರೂ ಯಾರಿಗೂ ಕಾಣುವುದಿಲ್ಲ. ಏನು ತಪ್ಪು?
– ನೇಕಾರರು, ಇಳಕಲ್

ಮೊದಲು ಪೋಸ್ಟ್ ಪೆಟ್ಟಿಗೆಯಲ್ಲಿ ‘ಪಬ್ಲಿಕ್’ ಇದೆಯೇ ನೋಡಿ. ‘ಕ್ವೈಟ್ ಪಬ್ಲಿಕ್’ ಅಥವಾ ‘ಫಾಲೋವರ್ಸ್’ ಎಂದಿದ್ದರೆ ಹ್ಯಾಶ್‌ಟ್ಯಾಗ್ ಪುಟದಲ್ಲಿ ಬರುವುದೇ ಇಲ್ಲ.

ಅದು ಸರಿಯಿದ್ದರೆ ಕಾರಣ ಬೇರೆ. ಇಲ್ಲಿ ಎಲ್ಲ ಪೋಸ್ಟ್‌ಗಳೂ ಸೇರುವ ಒಂದು ಕಣಜ ಇಲ್ಲ. ನಿಮ್ಮ ಪೋಸ್ಟ್ ಹೋಗುವುದು ನಿಮ್ಮನ್ನು ಫಾಲೋ ಮಾಡಿದವರ ಸರ್ವರ್‌ಗಳಿಗೆ. ಯಾರಾದರೂ ಅದನ್ನು ಬೂಸ್ಟ್ ಮಾಡಿದರೆ (ತಮ್ಮ ಫಾಲೋವರ್‌ಗಳಿಗೆ ಮರುಹಂಚಿದರೆ) ಅವರ ಫಾಲೋವರ್‌ಗಳ ಸರ್ವರ್‌ಗಳಿಗೂ ಮುಟ್ಟುತ್ತದೆ. ಮುಟ್ಟದ ಸರ್ವರ್‌ನಲ್ಲಿ ನಿಮ್ಮ ಹ್ಯಾಶ್‌ಟ್ಯಾಗ್ ಹುಡುಕಿದರೂ ಏನೂ ಸಿಗದು. ಫಾಲೋವರ್ ಇಲ್ಲದ ಹೊಸ ಖಾತೆಗೆ ಆಗುವ ಕಷ್ಟ ಇದೇ. ಆದ್ದರಿಂದ ಕೈಮಗ್ಗ, ಬಟ್ಟೆಯ ಹ್ಯಾಶ್‌ಟ್ಯಾಗ್‌ಗಳನ್ನೇ ಫಾಲೋ ಮಾಡಿ, ಅಲ್ಲಿ ಬರೆಯುವವರಿಗೆ ಉತ್ತರಿಸಿ, ಅವರ ಪೋಸ್ಟ್ ಬೂಸ್ಟ್ ಮಾಡಿ. ನಾಲ್ಕು ಬೇರೆ ಬೇರೆ ಸರ್ವರ್‌ಗಳಿಂದ ನಾಲ್ಕೇ ಜನ ನಿಮ್ಮನ್ನು ಫಾಲೋ ಮಾಡಿದರೂ ಹೊಸ ಪೋಸ್ಟ್ ನಾಲ್ಕು ಕಡೆ ತಲುಪುತ್ತದೆ.

ಫೋಟೊಕ್ಕೆ ವಿವರಣೆ ಕೊಡುವುದನ್ನು ಬಿಡಬೇಡಿ. ವಿವರಣೆಯಿಲ್ಲದ ಚಿತ್ರವನ್ನು ಬೂಸ್ಟ್ ಮಾಡದವರು ಇಲ್ಲಿ ಬಹಳ. ‘ಚಂದದ ಸೀರೆ’ ಎಂದರೆ ಕಣ್ಣು ಕಾಣದವರಿಗೆ ಏನೂ ತಿಳಿಯದು. ‘ದಾಳಿಂಬೆ ಬಣ್ಣದ ಒಡಲು, ಗೋಮಿ ದಡಿ, ಕೆಂಪು ಸೆರಗಿನಲ್ಲಿ ಬಿಳಿ ಟೋಪ ತೆನಿ’ ಎಂದು ಬರೆಯಿರಿ (ಗೋಮಿ, ಟೋಪ ತೆನಿ ಇಳಕಲ್ ಸೀರೆಯ ದಡಿ, ಸೆರಗಿನ ವಿನ್ಯಾಸಗಳು). ಪೋಸ್ಟ್‌ನ ಭಾಷೆಯನ್ನೂ ‘ಕನ್ನಡ’ಕ್ಕೆ ಬದಲಿಸಿ. ಇಂಗ್ಲಿಷ್ ಎಂದೇ ಬಿಟ್ಟರೆ, ಕನ್ನಡ ಮಾತ್ರ ತೋರಿಸು ಎಂದು ಸೆಟ್ಟಿಂಗ್ ಇಟ್ಟವರ ಪಬ್ಲಿಕ್ ಟೈಮ್‌ಲೈನ್‌ನಲ್ಲಿ ಅದು ಬರುವುದಿಲ್ಲ.

ಪ್ರಶ್ನೆ: ನಮ್ಮ ಸರ್ವರ್ ಮುಚ್ಚುತ್ತಾರಂತೆ. ಫಾಲೋವರ್‌ಗಳನ್ನು ಉಳಿಸಿಕೊಳ್ಳಬಹುದೆ?
– ಶಿಕ್ಷಕರು, ವಿಜಯಪುರ

ಉಳಿಸಿಕೊಳ್ಳಬಹುದು, ಆದರೆ ಹಳೆಯ ಸರ್ವರ್ ಚಾಲ್ತಿಯಲ್ಲಿರುವಾಗಲೇ ಮುಗಿಸಬೇಕು. ಬ್ರೌಸರ್‌ನಲ್ಲಿ ಮಾಡಿ. ಬೇರೆ ಸರ್ವರ್‌ನಲ್ಲಿ ಹೊಸ ಖಾತೆ ತೆರೆದು, ಅದರ ಅಕೌಂಟ್ ಸೆಟ್ಟಿಂಗ್‌ನಲ್ಲಿ ‘ಬೇರೆ ಖಾತೆಯಿಂದ ಬರುತ್ತಿದ್ದೇನೆ’ ಎಂಬಲ್ಲಿ ಹಳೆಯ ವಿಳಾಸ ಕೊಡಿ. ಆಮೇಲೆ ಹಳೆಯ ಖಾತೆಗೆ ಹೋಗಿ, ಫಾಲೋ ಮಾಡಿದವರು, ಬ್ಲಾಕ್, ಬುಕ್‌ಮಾರ್ಕ್ ಪಟ್ಟಿಗಳನ್ನು ಎಕ್ಸ್‌ಪೋರ್ಟ್‌ನಿಂದ ಇಳಿಸಿಕೊಳ್ಳಿ. ಕೊನೆಗೆ ಅಲ್ಲೇ ‘ಬೇರೆ ಖಾತೆಗೆ ಹೋಗುತ್ತೇನೆ’ ಎಂಬಲ್ಲಿ ಹೊಸ ವಿಳಾಸ, ಪಾಸ್‌ವರ್ಡ್ ಕೊಡಿ. ಹೊಸ ಖಾತೆಯಲ್ಲಿ ಹಳೆಯ ವಿಳಾಸ ಹಾಕದೆ ಈ ಹೆಜ್ಜೆಗೆ ಬಂದರೆ ವರ್ಗಾವಣೆ ಆಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಫಾಲೋವರ್‌ಗಳು ತಾವಾಗಿ ಬರುತ್ತಾರೆ. ನೀವು ಫಾಲೋ ಮಾಡಿದವರು ಬರುವುದು ಇಳಿಸಿಕೊಂಡ ಪಟ್ಟಿಗಳನ್ನು ಹೊಸ ಖಾತೆಯಲ್ಲಿ ಇಂಪೋರ್ಟ್ ಮಾಡಿದ ಮೇಲೆ. ಪೋಸ್ಟ್‌ಗಳು ಮಾತ್ರ ಬರುವುದಿಲ್ಲ. ನೆನಪಿಗೆ ಬೇಕಿದ್ದರೆ ಹಳೆಯ ಖಾತೆಯಿಂದ ಆರ್ಕೈವ್ (ಪೋಸ್ಟ್‌ಗಳ ಪ್ರತಿ) ಇಳಿಸಿಕೊಳ್ಳಿ, ಅದನ್ನು 7 ದಿನಕ್ಕೊಮ್ಮೆ ಕೇಳಬಹುದು.

ಪ್ರಶ್ನೆ: ‘ಪ್ರೈವೇಟ್ ಮೆನ್ಶನ್’ ಗುಟ್ಟಾಗಿ ಉಳಿಯುತ್ತದೆಯೆ?
– ಓದುಗರು, ಜಮಖಂಡಿ

ಇಲ್ಲ. ಅದು ಹೆಸರಿಸಿದವರಿಗಷ್ಟೇ ಕಳಿಸುವ ಪೋಸ್ಟ್, ಆದರೆ ಅದಕ್ಕೆ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ (ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದ ರಕ್ಷಣೆ) ಇಲ್ಲ. ಎರಡೂ ಕಡೆಯ ಸರ್ವರ್ ನಡೆಸುವವರು ಓದಲು ಸಾಧ್ಯ. ಮಾತಿನ ನಡುವೆ ಮೂರನೆಯವರ @ವಿಳಾಸ ಬರೆದರೆ ಆ ಪೋಸ್ಟ್ ಅವರಿಗೂ ಹೋಗುತ್ತದೆ. ಬ್ಯಾಂಕ್ ವಿವರ, ಆಧಾರ್ ಸಂಖ್ಯೆ ಅಲ್ಲಿ ಬರೆಯಬೇಡಿ.